ಎಜಿಎಂ ನಡೆಸದ, ಲೆಕ್ಕಪತ್ರ ಸಲ್ಲಿಸದ ಕಂಪನಿ ಪರಿಹಾರ ಕೋರುವ ಬಗೆ

ಪೀಣ್ಯದ ಶೆಡ್ಡಿನಲ್ಲಿ ಲೇತ್ ಓಡಿಸುವ ಅಣ್ಣತಮ್ಮಂದಿರ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಲಿ, ಹುಬ್ಬಳ್ಳಿಯಲ್ಲಿ ಮೂವರು ಸ್ನೇಹಿತರು ಕೂಡಿ ಶುರುಮಾಡಿದ ಸಾಫ್ಟ್‌ವೇರ್ ಕಂಪನಿಯಾಗಲಿ, ವಾರ್ಷಿಕ ಸಾಮಾನ್ಯ ಸಭೆ (ಎಜಿಎಂ) ಯಾಕೆ ನಡೆಸಲಿಲ್ಲ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ನಾವಿರುವುದೇ ಇಬ್ಬರು, ದಿನಾ ಒಟ್ಟಿಗೆ ಕೂತು ಊಟ ಮಾಡುತ್ತೇವೆ, ಇನ್ನು ಸಭೆ ಯಾತಕ್ಕೆ?’ ಕಾನೂನಿಗೆ ಈ ಉತ್ತರ ಸಾಲದು. 2013ರ ಕಂಪನಿ ಕಾಯ್ದೆಯ 96ನೇ ಕಲಮು ಏಕವ್ಯಕ್ತಿ ಕಂಪನಿಯೊಂದನ್ನು ಬಿಟ್ಟು ಉಳಿದೆಲ್ಲ ಕಂಪನಿಗಳೂ ವರ್ಷಕ್ಕೊಮ್ಮೆ ಷೇರುದಾರರ ಸಭೆ ಕರೆದೇ ತೀರಬೇಕೆಂದು ಹೇಳುತ್ತದೆ. ಆ ಸಭೆಯ ಮುಂದೆ ಆಡಿಟ್ ಆದ ಲೆಕ್ಕಪತ್ರ ಇಡಬೇಕೆಂದು 129ನೇ ಕಲಮು ಹೇಳುತ್ತದೆ. ಎರಡನ್ನೂ ತಪ್ಪಿಸಿದವರಿಗೆ ದಾರಿ ಮುಚ್ಚಿಲ್ಲ. ಆದರೆ ಯಾವ ತಪ್ಪಿಗೆ ಯಾವ ಬಾಗಿಲು ಎಂಬುದು ಗೊತ್ತಿಲ್ಲದೆ ಅಲೆಯುವವರೇ ಹೆಚ್ಚು. ಈ ಬರಹ ಅಂಥವರಿಗಾಗಿ, ಮುಖ್ಯವಾಗಿ ಷೇರುಪೇಟೆಯಲ್ಲಿ ನೋಂದಾಯಿಸದ ಸಣ್ಣ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ದಿನಾಂಕಗಳ ಪಟ್ಟಿ

ವಕೀಲರನ್ನೋ ಕಂಪನಿ ಕಾರ್ಯದರ್ಶಿಯನ್ನೋ ಕಾಣುವ ಮೊದಲೇ ಒಂದು ಹಾಳೆಯ ಮೇಲೆ, ಪ್ರತಿ ಆರ್ಥಿಕ ವರ್ಷಕ್ಕೆ ಒಂದು ಸಾಲಿನಂತೆ, ಸಭೆ ನಡೆಯಬೇಕಿದ್ದ ಕೊನೆಯ ದಿನ, ನಡೆದ ದಿನ, ಲೆಕ್ಕಪತ್ರಕ್ಕೆ ಆಡಿಟರು ಸಹಿ ಹಾಕಿದ ದಿನ, ಕಂಪನಿಗಳ ರಿಜಿಸ್ಟ್ರಾರರಿಗೆ ನಮೂನೆ ಸಲ್ಲಿಸಿದ ದಿನ ಇಷ್ಟನ್ನು ಬರೆದುಕೊಳ್ಳಬೇಕು. ಮುಂದಿನ ಕೆಲಸವೆಲ್ಲ ಈ ಹಾಳೆಯ ಮೇಲೆಯೇ ನಿಲ್ಲುತ್ತದೆ.

ಕೊನೆಯ ದಿನ ಎಂದರೆ ಯಾವಾಗಲೂ ಸೆಪ್ಟೆಂಬರ್ 30 ಎಂದು ತಿಳಿಯುವುದು ಸಾಮಾನ್ಯ ತಪ್ಪು. ಆರ್ಥಿಕ ವರ್ಷ ಮುಗಿದ 6 ತಿಂಗಳೊಳಗೆ ಸಭೆ ನಡೆಯಬೇಕು, ಜೊತೆಗೆ ಹಿಂದಿನ ಸಭೆಗೂ ಈ ಸಭೆಗೂ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಹಿಂದಿನ ಸಭೆಯನ್ನು 2023ರ ಜೂನ್ 10ರಂದು ಬೇಗನೆ ಮುಗಿಸಿಕೊಂಡ ಕಂಪನಿಗೆ ಮುಂದಿನ ಗಡುವು 2024ರ ಸೆಪ್ಟೆಂಬರ್ 10ಕ್ಕೇ ಮುಗಿಯುತ್ತದೆ. ಹೊಸ ಕಂಪನಿಯ ಮೊದಲ ಸಭೆಗೆ ಮಾತ್ರ, ಮೊದಲ ಆರ್ಥಿಕ ವರ್ಷ ಮುಗಿದ ಮೇಲೆ 9 ತಿಂಗಳ ಕಾಲಾವಕಾಶವಿದೆ. ಜನವರಿ 1 ಅಥವಾ ಆಮೇಲೆ ನೋಂದಣಿಯಾದ ಕಂಪನಿಯ ಮೊದಲ ಆರ್ಥಿಕ ವರ್ಷ ಮರುವರ್ಷದ ಮಾರ್ಚ್ 31ರವರೆಗೂ ಸಾಗುವುದರಿಂದ, 2023ರ ಫೆಬ್ರವರಿಯಲ್ಲಿ ಹುಟ್ಟಿದ ಕಂಪನಿಗೆ ಮೊದಲ ಸಭೆಯ ಗಡುವು 2024ರ ಡಿಸೆಂಬರ್ 31. ತಪ್ಪೇ ಆಗಿಲ್ಲದಿದ್ದರೂ ತಪ್ಪೊಪ್ಪಿಗೆಯ ಅರ್ಜಿ ಹಿಡಿದು ಬರುವವರೂ ಉಂಟು, ಆದ್ದರಿಂದ ಇದನ್ನು ಲೆಕ್ಕ ಹಾಕದೆ ಮುಂದುವರಿಯಬಾರದು.

ಕೋವಿಡ್ ಕಾಲದ ಎರಡು ವರ್ಷಗಳಿಗೆ ರಿಜಿಸ್ಟ್ರಾರರೇ ಸಾಮಾನ್ಯ ಆದೇಶದ ಮೂಲಕ ಗಡುವು ವಿಸ್ತರಿಸಿದ್ದರು: 2019-20ರ ಸಭೆಗೆ 2020ರ ಡಿಸೆಂಬರ್ 31ರವರೆಗೆ, 2020-21ರ ಸಭೆಗೆ 2021ರ ನವೆಂಬರ್ 30ರವರೆಗೆ. ಆ ವರ್ಷಗಳ ವಿಳಂಬವನ್ನು ಎಣಿಸುವಾಗ ಈ ದಿನಾಂಕಗಳಿಂದಲೇ ಎಣಿಸಬೇಕು. ಉಳಿದ ವರ್ಷಗಳಲ್ಲಿ 3 ತಿಂಗಳವರೆಗಿನ ವಿಸ್ತರಣೆಯನ್ನು ಕಂಪನಿಯೇ ಜಿಎನ್‌ಎಲ್-1 ನಮೂನೆಯಲ್ಲಿ ಕೇಳಿ ಪಡೆಯಬೇಕು. ಅದನ್ನು ಗಡುವು ಮೀರುವ ಮೊದಲೇ ಕೇಳಬೇಕು, ಮತ್ತು ಮೊದಲ ಸಭೆಗೆ ಅದು ಸಿಗುವುದಿಲ್ಲ.

ಒಂದು ತಪ್ಪಲ್ಲ, ಮೂರು

ಸಭೆ ನಡೆಸದಿರುವುದು, ಸಭೆಯ ಮುಂದೆ ಲೆಕ್ಕಪತ್ರ ಇಡದಿರುವುದು, ರಿಜಿಸ್ಟ್ರಾರರಿಗೆ ಲೆಕ್ಕಪತ್ರವನ್ನೂ ವಾರ್ಷಿಕ ವಿವರಣೆಯನ್ನೂ ಸಲ್ಲಿಸದಿರುವುದು ಈ ಮೂರೂ ಬೇರೆ ಬೇರೆ ತಪ್ಪುಗಳು, ಬೇರೆ ಬೇರೆ ದಾರಿ ಹಿಡಿಯುತ್ತವೆ. ‘ಸಭೆಯೇ ನಡೆಯಲಿಲ್ಲ, ಇನ್ನು ಲೆಕ್ಕಪತ್ರವನ್ನು ಎಲ್ಲಿ ಇಡುವುದು?’ ಎಂಬ ವಾದ ಜಾಣತನದ್ದಾಗಿ ಕಂಡರೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತಾನೇ ಮಾಡಿದ ತಪ್ಪನ್ನು ಇನ್ನೊಂದು ತಪ್ಪಿಗೆ ಸಮಜಾಯಿಷಿಯಾಗಿ ಮುಂದಿಡಲು ಬರುವುದಿಲ್ಲವೆಂದು 1913ರ ಹಳೆಯ ಕಂಪನಿ ಕಾಯ್ದೆಯ ಕಾಲದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಸಭೆ ತಪ್ಪಿಸಿದ್ದಕ್ಕೆ 99ನೇ ಕಲಮಿನಡಿ ಕಂಪನಿಗೂ ತಪ್ಪಿತಸ್ಥ ಅಧಿಕಾರಿಗಳಿಗೂ 1 ಲಕ್ಷ ರೂಪಾಯಿವರೆಗೆ ಜುಲ್ಮಾನೆ, ತಪ್ಪು ಮುಂದುವರಿದರೆ ದಿನಕ್ಕೆ 5,000 ರೂಪಾಯಿವರೆಗೆ ಹೆಚ್ಚುವರಿ ಜುಲ್ಮಾನೆ ಬೀಳಬಹುದು. ಲೆಕ್ಕಪತ್ರದ ನಿಯಮ ಮೀರಿದ್ದಕ್ಕೆ 129ನೇ ಕಲಮಿನ 7ನೇ ಉಪಕಲಮಿನಡಿ 1 ವರ್ಷದವರೆಗೆ ಸಜೆ, ಇಲ್ಲವೇ 50 ಸಾವಿರದಿಂದ 5 ಲಕ್ಷದವರೆಗೆ ಜುಲ್ಮಾನೆ, ಇಲ್ಲವೇ ಎರಡೂ. ಈ ಎರಡೂ ಕ್ರಿಮಿನಲ್ ಸ್ವರೂಪದವು, ಆದರೆ ರಾಜಿ ಮಾಡಿಕೊಳ್ಳಬಹುದಾದವು, ಅಂದರೆ ಗೊತ್ತುಮಾಡಿದ ಮೊತ್ತ ಕಟ್ಟಿ ಮೊಕದ್ದಮೆಯಿಲ್ಲದೆ ಮುಗಿಸಿಕೊಳ್ಳಬಹುದಾದವು. ಕಸುಬಿನವರು ಕಾಂಪೌಂಡಿಂಗ್ ಎನ್ನುವುದು ಇದನ್ನೇ.

ಮೂರನೆಯದರ ಜಾತಿಯೇ ಬೇರೆ. ಲೆಕ್ಕಪತ್ರದ ನಮೂನೆಯಾದ ಎಒಸಿ-4 ಮತ್ತು ವಾರ್ಷಿಕ ವಿವರಣೆಯ ನಮೂನೆಯಾದ ಎಂಜಿಟಿ-7 ಸಲ್ಲಿಸದಿದ್ದರೆ ಈಗ ಕ್ರಿಮಿನಲ್ ಮೊಕದ್ದಮೆ ಇಲ್ಲ. 454ನೇ ಕಲಮಿನಡಿ ರಿಜಿಸ್ಟ್ರಾರರೇ ವಿಚಾರಣೆ ನಡೆಸಿ ದಂಡ ಹಾಕುತ್ತಾರೆ. ಅದು 10,000 ರೂಪಾಯಿ, ಅದರ ಮೇಲೆ ದಿನಕ್ಕೆ 100 ರೂಪಾಯಿ. ಕಂಪನಿಗೆ 2 ಲಕ್ಷ, ಅಧಿಕಾರಿಗೆ 50 ಸಾವಿರದ ಮಿತಿ. ಸಣ್ಣ ಕಂಪನಿ, ಸ್ಟಾರ್ಟಪ್, ಉತ್ಪಾದಕರ ಕಂಪನಿಗಳಿಗೆ 446ಬಿ ಕಲಮಿನಡಿ ಇದು ಅರ್ಧಕ್ಕಿಂತ ಹೆಚ್ಚಾಗುವಂತಿಲ್ಲ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ, ಅದನ್ನು ಕಳೆದುಕೊಳ್ಳುವವರೇ ಜಾಸ್ತಿ: ನೋಟಿಸು ಬರುವ ಮೊದಲು, ಅಥವಾ ನೋಟಿಸು ಹೊರಟ 30 ದಿನಗಳೊಳಗೆ ಬಾಕಿ ನಮೂನೆ ಸಲ್ಲಿಸಿಬಿಟ್ಟರೆ ಈ ದಂಡವನ್ನೇ ಹಾಕುವಂತಿಲ್ಲ, ನಡಾವಳಿ ಅಲ್ಲಿಗೇ ಮುಗಿದಂತೆ. ನೋಟಿಸಿಗೆ ಉದ್ದುದ್ದ ಉತ್ತರ ಬರೆಯುತ್ತ ಆ 30 ದಿನ ಕಳೆಯುವುದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ. ವಿಳಂಬದ ಹೆಚ್ಚುವರಿ ಶುಲ್ಕ ಮಾತ್ರ ಇದರಿಂದ ತಪ್ಪುವುದಿಲ್ಲ. 2018ರ ಜುಲೈ 1ರಿಂದ ಅದು ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ.

ತಪ್ಪನ್ನು ಮೊದಲು ನಿಲ್ಲಿಸಿ

ಅರ್ಜಿ ಬರೆಯುವ ಮುನ್ನ ಮಾಡಬೇಕಾದ ಕೆಲಸ ತಪ್ಪನ್ನು ಸರಿಪಡಿಸುವುದು. ಇನ್ನೂ ನಡೆಯುತ್ತಲೇ ಇರುವ ತಪ್ಪಿಗೆ ರಾಜಿ ಕೇಳಿದರೆ, ಮೊದಲು ಸರಿಪಡಿಸಿಕೊಂಡು ಬನ್ನಿ ಎಂಬ ಮಾತು ಕೇಳಬೇಕಾಗುತ್ತದೆ. ಆಡಿಟ್ ಮುಗಿಸಿ, ಆಡಳಿತ ಮಂಡಳಿಯ ಸಭೆಯಲ್ಲಿ ಲೆಕ್ಕಪತ್ರಕ್ಕೂ ನಿರ್ದೇಶಕರ ವರದಿಗೂ ಒಪ್ಪಿಗೆ ಪಡೆದು, ಷೇರುದಾರರಿಗೆ 21 ಪೂರ್ಣ ದಿನಗಳ ನೋಟಿಸು ಕೊಟ್ಟು, ತಡವಾಗಿಯಾದರೂ ಸಭೆ ನಡೆಸಬೇಕು. ಷೇರುದಾರರ ಪೈಕಿ ಮತದಾನದ ಹಕ್ಕಿರುವ ಕನಿಷ್ಠ ಶೇಕಡಾ 95 ಮಂದಿ ಲಿಖಿತವಾಗಿ ಒಪ್ಪಿದರೆ ಕಡಿಮೆ ದಿನಗಳ ನೋಟಿಸಿನಲ್ಲೂ ಸಭೆ ಸೇರಬಹುದು. ಸಭೆ ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಆರಂಭವಾಗಬೇಕು, ರಾಷ್ಟ್ರೀಯ ರಜಾದಿನದಂದು ಸೇರಬಾರದು. ಇಂಥ ಸಣ್ಣ ವಿಷಯಗಳಲ್ಲಿ ಎಡವಿ ಹಳೆಯ ತಪ್ಪಿನ ಮೇಲೆ ಹೊಸ ತಪ್ಪು ಪೇರಿಸಿಕೊಳ್ಳಬಾರದು. ತಡವಾಗಿ ನಡೆದ ಸಭೆ ತಪ್ಪನ್ನು ಅಳಿಸುವುದಿಲ್ಲ ನಿಜ, ಆದರೆ ದಿನಕ್ಕೆ 5,000ದ ಮೀಟರು ಅಂದಿಗೆ ನಿಲ್ಲುತ್ತದೆ.

ಇನ್ನು, ಎಲ್ಲರೂ ಕಿವಿಯಲ್ಲಿ ಪಿಸುಗುಟ್ಟುವ ಸಲಹೆಯ ಮಾತು: ‘ಹಿಂದಿನ ದಿನಾಂಕ ಹಾಕಿ ಸಭೆ ನಡೆದಂತೆ ತೋರಿಸಿಬಿಡಿ.’ ಇದನ್ನು ಖಂಡಿತ ಮಾಡಬೇಡಿ. ಆಡಿಟರು ಸಹಿ ಮಾಡುವ ಪ್ರತಿ ವರದಿಗೂ ಯುಡಿಐಎನ್ ಎಂಬ ಸಂಖ್ಯೆ ಇರುತ್ತದೆ, ಅದು ಸೃಷ್ಟಿಯಾದ ದಿನ ಅಲ್ಲೇ ದಾಖಲಾಗಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸಭೆ ಲೆಕ್ಕಪತ್ರ ಒಪ್ಪಿತು ಎಂದು ನಡಾವಳಿ ಪುಸ್ತಕ ಹೇಳಿ, ಆಡಿಟರ ಸಹಿ 2023ರ ಡಿಸೆಂಬರಿನದಾಗಿದ್ದರೆ ಅದನ್ನು ಹಿಡಿಯಲು ತನಿಖಾಧಿಕಾರಿಯೇ ಬೇಕಿಲ್ಲ. ಆಗ ಜುಲ್ಮಾನೆಯಲ್ಲಿ ಮುಗಿಯುತ್ತಿದ್ದ ವಿಷಯ 448ನೇ ಕಲಮಿನ ಸುಳ್ಳು ಹೇಳಿಕೆಯಾಗಿ, ಅಲ್ಲಿಂದ 447ರ ವಂಚನೆಯ ಕಡೆಗೆ ಹೊರಳುತ್ತದೆ. ಅದರಲ್ಲಿ 6 ತಿಂಗಳಿಂದ 10 ವರ್ಷದವರೆಗೆ ಸಜೆಯೂ ಜೊತೆಗೆ ಜುಲ್ಮಾನೆಯೂ ಇವೆ. ಸಜೆ ಮತ್ತು ಜುಲ್ಮಾನೆ ಎರಡೂ ಕಡ್ಡಾಯವಾಗಿರುವ ಅಪರಾಧಕ್ಕೆ ರಾಜಿ ಇಲ್ಲ. ತಡವಾಯಿತೆಂದು ಒಪ್ಪಿಕೊಂಡವನಿಗೆ ಕಾನೂನು ಉದಾರವಾಗಿದೆ, ತಡವೇ ಆಗಿಲ್ಲವೆಂದು ಕಾಗದ ಹುಟ್ಟಿಸಿದವನಿಗೆ ಅಲ್ಲ.

ಯಾರ ಮುಂದೆ ಹೋಗಬೇಕು

ರಾಜಿ ಅರ್ಜಿಯ ಕಲಮು 441. ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಜುಲ್ಮಾನೆ 25 ಲಕ್ಷ ರೂಪಾಯಿ ಮೀರದಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪ್ರಾದೇಶಿಕ ನಿರ್ದೇಶಕರ ಮುಂದೆ, ಮೀರಿದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಹೋಗಬೇಕು. ಕರ್ನಾಟಕದಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿಗಳಿಗೆ ಅದು ಬೆಂಗಳೂರು ಪೀಠ. 2016ರ ಜೂನ್ 1ಕ್ಕಿಂತ ಮೊದಲು ಈ ಕೆಲಸ ಕಂಪನಿ ಕಾನೂನು ಮಂಡಳಿಯದಾಗಿತ್ತು, ಹಳೆಯ ಆದೇಶಗಳನ್ನು ಓದುವಾಗ ಅದು ನೆನಪಿರಲಿ.

ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡೋಣ. 2022ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಸಭೆ 2022ರ ಸೆಪ್ಟೆಂಬರ್ 30ರೊಳಗೆ ನಡೆಯಬೇಕಿತ್ತು, ನಡೆದದ್ದು 2024ರ ಜನವರಿ 20ರಂದು ಎಂದಿಟ್ಟುಕೊಳ್ಳಿ. ವಿಳಂಬ 477 ದಿನ. ದಿನಕ್ಕೆ 5,000ದಂತೆ 23,85,000, ಮೂಲದ 1 ಲಕ್ಷ ಸೇರಿಸಿದರೆ 24,85,000 ರೂಪಾಯಿ. ಅಂದರೆ ಪ್ರಾದೇಶಿಕ ನಿರ್ದೇಶಕರ ವ್ಯಾಪ್ತಿ. ಅದೇ ಸಭೆ ಜನವರಿ 25ರಂದು ನಡೆದಿದ್ದರೆ ವಿಳಂಬ 482 ದಿನ, ಗರಿಷ್ಠ ಜುಲ್ಮಾನೆ 25,10,000, ಕಡತ ನ್ಯಾಯಮಂಡಳಿಗೆ ಹೋಗುತ್ತದೆ. ಗೆರೆ ಇರುವುದು 480ನೇ ದಿನದ ಮೇಲೆ. ಬಾಕಿ ಇರುವ ಸಭೆಯನ್ನು ‘ಮುಂದಿನ ವಾರ ನೋಡೋಣ’ ಎನ್ನುವವರು ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ನ್ಯಾಯಮಂಡಳಿಯ ದಾರಿ ಹೆಚ್ಚು ಸಮಯವನ್ನೂ ಹೆಚ್ಚು ಖರ್ಚನ್ನೂ ಬೇಡುತ್ತದೆ. ಲೆಕ್ಕಪತ್ರ ಇಡದ ತಪ್ಪಿನ ಗರಿಷ್ಠ ಜುಲ್ಮಾನೆ 5 ಲಕ್ಷವೇ ಆದ್ದರಿಂದ ಅದು ಪ್ರಾದೇಶಿಕ ನಿರ್ದೇಶಕರ ಮಿತಿಯೊಳಗೇ ಉಳಿಯುತ್ತದೆ. ಪ್ರತಿ ವರ್ಷದ ತಪ್ಪೂ ಪ್ರತ್ಯೇಕ ತಪ್ಪು, ಲೆಕ್ಕವೂ ಪ್ರತ್ಯೇಕ.

ಇದೇ ಕಂಪನಿ ಎರಡೂ ನಮೂನೆಗಳನ್ನು 2024ರ ಫೆಬ್ರವರಿ 20ರಂದು ಸಲ್ಲಿಸಿತೆನ್ನಿ. ಸಭೆ ನಡೆಯದಿದ್ದರೂ, ನಡೆಯಬೇಕಿದ್ದ ದಿನದಿಂದ 30 ದಿನದೊಳಗೆ ಎಒಸಿ-4, 60 ದಿನದೊಳಗೆ ಎಂಜಿಟಿ-7 ಸಲ್ಲಿಸಬೇಕೆಂಬುದು ನಿಯಮ. ಆ ಪ್ರಕಾರ ಮೊದಲನೆಯದು 478 ದಿನ ತಡ, ಎರಡನೆಯದು 448 ದಿನ ತಡ. ಹೆಚ್ಚುವರಿ ಶುಲ್ಕ 47,800 ಮತ್ತು 44,800, ಒಟ್ಟು 92,600 ರೂಪಾಯಿ. ಇದನ್ನು ಯಾವ ಪೀಠವೂ ಮನ್ನಾ ಮಾಡಿಕೊಡುತ್ತದೆಂದು ನಂಬಿ ಕೂರಬಾರದು. ಕೇಂದ್ರ ಸರ್ಕಾರ ಆಗಾಗ ರಿಯಾಯಿತಿ ಯೋಜನೆಗಳನ್ನು ತಂದಿದೆ, 2018ರಲ್ಲೊಮ್ಮೆ ವಿಳಂಬ ಮನ್ನಾ ಯೋಜನೆ, 2020ರಲ್ಲಿ ಏಪ್ರಿಲಿನಿಂದ ಡಿಸೆಂಬರಿನವರೆಗೆ ಫ್ರೆಶ್ ಸ್ಟಾರ್ಟ್ ಯೋಜನೆ. ಅರ್ಜಿ ಹಾಕುವ ಮುನ್ನ ಕಂಪನಿ ವ್ಯವಹಾರಗಳ ಸಚಿವಾಲಯದ ಸುತ್ತೋಲೆಗಳನ್ನು ಒಮ್ಮೆ ನೋಡಿಕೊಂಡರೆ ನಷ್ಟವಿಲ್ಲ.

ಅರ್ಜಿ

ನ್ಯಾಯಮಂಡಳಿಗೆ ಹೋಗುವ ಅರ್ಜಿಯಾದರೂ ಅದು ರಿಜಿಸ್ಟ್ರಾರರ ಮೂಲಕವೇ ಸಾಗಬೇಕು. ಕಂಪನಿ ಜಿಎನ್‌ಎಲ್-1ರಲ್ಲಿ ಅದನ್ನು ಸಲ್ಲಿಸುತ್ತದೆ, ರಿಜಿಸ್ಟ್ರಾರರು ತಮ್ಮ ಅಭಿಪ್ರಾಯದ ವರದಿಯೊಂದಿಗೆ ಮುಂದಕ್ಕೆ ಕಳಿಸುತ್ತಾರೆ. ವಿಚಾರಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ವರದಿ. ಆದ್ದರಿಂದ ಅರ್ಜಿಯಲ್ಲಿ ಹೇಳಿದ ದಿನಾಂಕಕ್ಕೂ ಸಚಿವಾಲಯದ ಪೋರ್ಟಲಿನಲ್ಲಿರುವ ದಿನಾಂಕಕ್ಕೂ ಒಂದು ದಿನದ ವ್ಯತ್ಯಾಸವೂ ಇರಬಾರದು.

ಅರ್ಜಿದಾರರು ಕಂಪನಿ ಮತ್ತು ತಪ್ಪಿನ ಅವಧಿಯಲ್ಲಿ ಹುದ್ದೆಯಲ್ಲಿದ್ದ ನಿರ್ದೇಶಕರು. ಈಗಿರುವ ನಿರ್ದೇಶಕರಷ್ಟೇ ಸಹಿ ಹಾಕಿ, ಆ ಕಾಲದಲ್ಲಿದ್ದು ರಾಜೀನಾಮೆ ಕೊಟ್ಟುಹೋದವರನ್ನು ಬಿಟ್ಟರೆ ಅವರ ತಲೆಯ ಮೇಲಿನ ಕತ್ತಿ ಹಾಗೆಯೇ ಉಳಿಯುತ್ತದೆ. ಅರ್ಜಿಯೊಂದಿಗೆ ಆಡಳಿತ ಮಂಡಳಿಯ ನಿರ್ಣಯ, ಪ್ರಮಾಣಪತ್ರ, ಕಂಪನಿಯ ಸ್ಥಾಪನಾ ದಾಖಲೆಗಳು, ಆಡಿಟ್ ಆದ ಲೆಕ್ಕಪತ್ರ, ತಡವಾಗಿ ನಡೆದ ಸಭೆಯ ನೋಟಿಸು ಮತ್ತು ನಡಾವಳಿ, ನಮೂನೆ ಸಲ್ಲಿಸಿದ ಚಲನ್ ಇರಬೇಕು. ವಕೀಲರಷ್ಟೇ ಅಲ್ಲ, ವೃತ್ತಿನಿರತ ಕಂಪನಿ ಕಾರ್ಯದರ್ಶಿ, ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್ ಸಹ 432ನೇ ಕಲಮಿನಡಿ ನ್ಯಾಯಮಂಡಳಿಯ ಮುಂದೆ ಹಾಜರಾಗಬಹುದು.

ಅರ್ಜಿಯ ಜೀವ ಇರುವುದು ಕಾರಣ ಹೇಳುವ ಪ್ಯಾರಾದಲ್ಲಿ. ‘ಅನಿವಾರ್ಯ ಕಾರಣಗಳಿಂದ ಸಭೆ ನಡೆಸಲಾಗಲಿಲ್ಲ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ‘ಆಡಿಟರು 2022ರ ಜುಲೈ 18ರಂದು ರಾಜೀನಾಮೆ ಕೊಟ್ಟರು, ಪತ್ರ ಲಗತ್ತಿಸಿದೆ; ಹೊಸ ಆಡಿಟರ ನೇಮಕ ನವೆಂಬರ್ 5ರಂದು ಆಯಿತು; ಹಳೆಯವರಿಂದ ದಾಖಲೆಗಳು ಕೈಸೇರಿದ್ದು 2023ರ ಮಾರ್ಚ್‌ನಲ್ಲಿ’ ಎಂದು ಬರೆದರೆ ಅದು ಕಾರಣ. ಮುಖ್ಯ ನಿರ್ದೇಶಕರ ಮರಣ ಅಥವಾ ದೀರ್ಘ ಕಾಯಿಲೆ, ಲೆಕ್ಕದ ಪುಸ್ತಕಗಳು ಇಲಾಖೆಯ ವಶದಲ್ಲಿದ್ದದ್ದು, ಪಾಲುದಾರರ ನಡುವಿನ ವ್ಯಾಜ್ಯ ಇವೆಲ್ಲ ದಾಖಲೆಯ ಬೆಂಬಲವಿದ್ದರೆ ತೂಗುತ್ತವೆ. ಕಾರಣ ವಿಳಂಬದ ಪೂರ್ತಿ ಅವಧಿಯನ್ನು ಮುಚ್ಚಬೇಕು. ಆರು ತಿಂಗಳ ಕಾಯಿಲೆಯನ್ನು ಹದಿನಾರು ತಿಂಗಳ ವಿಳಂಬಕ್ಕೆ ಹೊದಿಸಲು ಹೋದರೆ ಉಳಿದ ಹತ್ತು ತಿಂಗಳು ಬೆತ್ತಲೆಯಾಗಿಯೇ ಕಾಣುತ್ತದೆ. ನಿಜವಾಗಿ ಅಲಕ್ಷ್ಯವೇ ಆಗಿದ್ದರೆ ಅದನ್ನೇ ಹೇಳಿ, ಷೇರುದಾರರಿಗೂ ಸಾಲ ಕೊಟ್ಟವರಿಗೂ ಅದರಿಂದ ನಷ್ಟವಾಗಿಲ್ಲವೆಂದು ತೋರಿಸುವುದು ಕಟ್ಟುಕತೆಗಿಂತ ಮೇಲು.

ಗರಿಷ್ಠ ಜುಲ್ಮಾನೆಯನ್ನೇ ವಿಧಿಸಬೇಕೆಂದಿಲ್ಲ. ರಾಜಿ ಮೊತ್ತ ಆ ಮಿತಿಯನ್ನು ದಾಟುವಂತಿಲ್ಲ ಎಂದಷ್ಟೇ ಕಾನೂನು ಹೇಳುತ್ತದೆ, ಅದರೊಳಗೆ ಎಷ್ಟು ಎಂಬುದು ತಪ್ಪಿನ ಗಾತ್ರ, ಕಂಪನಿಯ ಸ್ಥಿತಿ, ನಡತೆ ನೋಡಿ ನಿಶ್ಚಯವಾಗುತ್ತದೆ. ಕಂಪನಿ ನಷ್ಟದಲ್ಲಿದ್ದರೆ, ವಹಿವಾಟೇ ಇಲ್ಲದಿದ್ದರೆ ಅದನ್ನು ಲೆಕ್ಕಪತ್ರದ ಪುಟ ತೋರಿಸಿ ಹೇಳಬೇಕು. ನಿರ್ದೇಶಕರ ಪಾಲಿನ ಮೊತ್ತವನ್ನು ಅವರವರ ಸ್ವಂತ ಖಾತೆಯಿಂದಲೇ ಕಟ್ಟಬೇಕೆಂದು ಆದೇಶಗಳು ಸಾಮಾನ್ಯವಾಗಿ ಹೇಳುತ್ತವೆ, ಕಂಪನಿಯ ಚೆಕ್ಕಿನಿಂದ ಕಟ್ಟಿ ಮತ್ತೆ ಸಮಜಾಯಿಷಿ ಬರೆಯುವ ಪ್ರಸಂಗ ತಂದುಕೊಳ್ಳಬಾರದು. ರಿಜಿಸ್ಟ್ರಾರರು ಈಗಾಗಲೇ ವಿಶೇಷ ನ್ಯಾಯಾಲಯದಲ್ಲಿ ದೂರು ಹೂಡಿದ್ದರೂ ರಾಜಿಗೆ ಅವಕಾಶವಿದೆ. ರಾಜಿಯಾದುದನ್ನು ಆ ನ್ಯಾಯಾಲಯದ ಗಮನಕ್ಕೆ ತಂದ ಮೇಲೆ ಆರೋಪಿ ಬಿಡುಗಡೆಯಾಗುತ್ತಾರೆ. ಆದರೆ ಕಂಪನಿಯ ವಿರುದ್ಧ ಕಾಯ್ದೆಯಡಿ ತನಿಖೆ ನಡೆಯುತ್ತಿದ್ದರೆ ರಾಜಿ ಸಾಧ್ಯವಿಲ್ಲ.

ಸಭೆಯನ್ನೇ ಕರೆಯಲು ಬಿಡದಿದ್ದರೆ

ಇಬ್ಬರು ನಿರ್ದೇಶಕರು ಮುಖ ನೋಡುವುದನ್ನೇ ಬಿಟ್ಟ ಕಂಪನಿಯಲ್ಲಿ ಸಭೆ ಕರೆಯುವವರು ಯಾರು, ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಎಲ್ಲಿಂದ? ಅಲ್ಲಿ ನೆರವಿಗೆ ಬರುವುದು 97ನೇ ಕಲಮು. ಯಾವನೇ ಒಬ್ಬ ಷೇರುದಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ ಸಭೆ ಕರೆಯುವಂತೆ ಆದೇಶ ಪಡೆಯಬಹುದು. ಗಮನಿಸಬೇಕಾದದ್ದು, ಈ ಹಕ್ಕು ಷೇರುದಾರನದು, ಕಂಪನಿಯದಲ್ಲ. ನಿರ್ದೇಶಕ ಹಾಕುವುದಾದರೂ ಷೇರುದಾರನ ಹೆಸರಿನಲ್ಲೇ ಹಾಕಬೇಕು. ಒಬ್ಬನೇ ಷೇರುದಾರ ಹಾಜರಿದ್ದರೂ ಸಭೆ ಸೇರಿದಂತೆಯೇ ಎಂದು ನ್ಯಾಯಮಂಡಳಿ ನಿರ್ದೇಶಿಸಬಹುದು. ಬೇಕೆಂದೇ ಗೈರಾಗಿ ಕೋರಂ ಮುರಿಯುವ ಆಟಕ್ಕೆ ಇದೊಂದೇ ಮದ್ದು, ಅರ್ಜಿಯಲ್ಲಿ ಈ ಬೇಡಿಕೆಯನ್ನು ಸ್ಪಷ್ಟವಾಗಿ ಬರೆಯಲು ಮರೆಯಬಾರದು.

ಹೆಸರೇ ಅಳಿಸಿಹೋಗಿದ್ದರೆ, ನಿರ್ದೇಶಕರು ಅನರ್ಹರಾಗಿದ್ದರೆ

ಬಹಳ ವರ್ಷ ಸುಮ್ಮನಿದ್ದ ಕಂಪನಿಯ ಹೆಸರನ್ನು ರಿಜಿಸ್ಟ್ರಾರರು 248ನೇ ಕಲಮಿನಡಿ ಕಂಪನಿಗಳ ನೋಂದಣಿ ಪುಸ್ತಕದಿಂದ ತೆಗೆದುಹಾಕಿರಬಹುದು. 2017ರಲ್ಲಿ ದೇಶದಾದ್ಯಂತ 2 ಲಕ್ಷಕ್ಕೂ ಹೆಚ್ಚು ಕಂಪನಿಗಳಿಗೆ ಹೀಗಾಯಿತು, ಎಷ್ಟೋ ಮಂದಿಗೆ ಗೊತ್ತಾದದ್ದು ಬ್ಯಾಂಕಿನಲ್ಲಿ ಚೆಕ್ಕು ನಿಂತಾಗ. ಆಗ ರಾಜಿಗಿಂತ ಮೊದಲು ಹೆಸರು ಮರಳಿ ಸೇರಬೇಕು. 252ನೇ ಕಲಮಿನಡಿ ರಿಜಿಸ್ಟ್ರಾರರ ಆದೇಶದಿಂದ ಬಾಧಿತರಾದ ಯಾರೇ ಆಗಲಿ 3 ವರ್ಷದೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಂಪನಿ, ಷೇರುದಾರ, ಸಾಲ ಕೊಟ್ಟವರು ಅಥವಾ ಕಾರ್ಮಿಕರಾದರೆ ರಾಜಪತ್ರದಲ್ಲಿ ಪ್ರಕಟಣೆಯಾದ 20 ವರ್ಷದೊಳಗೆ ಅರ್ಜಿ ಹಾಕಬಹುದು. ಇಲ್ಲಿ ಸಾಬೀತು ಮಾಡಬೇಕಾದದ್ದು ಹೆಸರು ಅಳಿಸುವ ಹೊತ್ತಿಗೆ ಕಂಪನಿ ವ್ಯವಹಾರ ನಡೆಸುತ್ತಿತ್ತು ಎಂಬುದನ್ನು, ಇಲ್ಲವೇ ಮರುಸೇರ್ಪಡೆ ನ್ಯಾಯೋಚಿತ ಎಂಬುದನ್ನು. ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ಮತ್ತು ಜಿಎಸ್‌ಟಿ ರಿಟರ್ನು, ವಿದ್ಯುತ್ ಬಿಲ್ಲು, ಪಹಣಿಯಲ್ಲೋ ಖಾತೆಯಲ್ಲೋ ಕಂಪನಿಯ ಹೆಸರಿನಲ್ಲಿರುವ ಆಸ್ತಿ, ಇವು ವಾದಕ್ಕಿಂತ ಹೆಚ್ಚು ಮಾತಾಡುತ್ತವೆ. ಆದೇಶ ಬಂದರೂ ಬಾಕಿ ನಮೂನೆಗಳನ್ನೆಲ್ಲ ನಿಗದಿತ ದಿನಗಳೊಳಗೆ ಸಲ್ಲಿಸಬೇಕೆಂಬ ಷರತ್ತು ಇದ್ದೇ ಇರುತ್ತದೆ.

ಸತತ 3 ಆರ್ಥಿಕ ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ವಿವರಣೆ ಸಲ್ಲಿಸದ ಕಂಪನಿಯ ನಿರ್ದೇಶಕರು 164ನೇ ಕಲಮಿನ 2ನೇ ಉಪಕಲಮಿನಡಿ 5 ವರ್ಷ ಅನರ್ಹರು. ಇದಕ್ಕೆ ರಾಜಿ ಅರ್ಜಿ ಪರಿಹಾರವಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗುತ್ತದೆ. ಈ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2019ರ ಜೂನ್‌ನಲ್ಲಿ, ಆಗ ಅಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತೀರ್ಪಿನಲ್ಲಿ, ಕಲಮಿನ ಸಿಂಧುತ್ವವನ್ನು ಎತ್ತಿಹಿಡಿಯಿತು. ಆದರೆ ಖಾಸಗಿ ಕಂಪನಿಗಳ ನಿರ್ದೇಶಕರನ್ನು 1956ರ ಹಳೆಯ ಕಾಯ್ದೆಯ ಕಾಲದ ವರ್ಷಗಳನ್ನೂ ಸೇರಿಸಿ ಎಣಿಸಿ ಅನರ್ಹಗೊಳಿಸಿದ್ದನ್ನು ರದ್ದುಪಡಿಸಿತು.

ಅಪರೂಪಕ್ಕೆ ಬಳಕೆಯಾಗುವ ಇನ್ನೊಂದು ಕಲಮು 463. ಪ್ರಾಮಾಣಿಕವಾಗಿಯೂ ವಿವೇಚನೆಯಿಂದಲೂ ನಡೆದುಕೊಂಡ ಅಧಿಕಾರಿಯನ್ನು ಹೊಣೆಯಿಂದ ಮುಕ್ತಗೊಳಿಸುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಡುತ್ತದೆ. ತನ್ನ ಮೇಲೆ ಮೊಕದ್ದಮೆ ಬರಬಹುದೆಂಬ ಅಂಜಿಕೆ ಇರುವವನು ಅದಕ್ಕೆ ಮೊದಲೇ ಹೈಕೋರ್ಟಿಗೆ ಹೋಗಬಹುದು, ರಿಜಿಸ್ಟ್ರಾರರಿಗೆ ನೋಟಿಸು ಕೊಡದೆ ಪರಿಹಾರ ಸಿಗುವುದಿಲ್ಲ. ಲೆಕ್ಕಪುಸ್ತಕಗಳನ್ನು ಕೊಡಿ ಎಂದು ಪತ್ರದ ಮೇಲೆ ಪತ್ರ ಬರೆದರೂ ಸಿಗದೆ ಕೈಚೆಲ್ಲಿದ ಸ್ವತಂತ್ರ ನಿರ್ದೇಶಕನಂಥವರಿಗೆ ಇದು ಒಪ್ಪುತ್ತದೆ, ಎಲ್ಲ ಕಾಗದವೂ ತನ್ನ ಬೀರುವಿನಲ್ಲೇ ಇದ್ದ ವ್ಯವಸ್ಥಾಪಕ ನಿರ್ದೇಶಕನಿಗಲ್ಲ.

ಆದೇಶ ಕೈಗೆ ಬಂದ ಮೇಲೆ

ರಾಜಿ ಮೊತ್ತವನ್ನು ಆದೇಶದಲ್ಲಿ ಹೇಳಿದ ದಿನದೊಳಗೆ ಕಟ್ಟಿ, ರಾಜಿಯಾದ 7 ದಿನಗಳೊಳಗೆ ರಿಜಿಸ್ಟ್ರಾರರಿಗೆ ತಿಳಿಸಬೇಕು, ನ್ಯಾಯಮಂಡಳಿಯ ಆದೇಶದ ದೃಢೀಕೃತ ಪ್ರತಿಯನ್ನು ಐಎನ್‌ಸಿ-28 ನಮೂನೆಯಲ್ಲಿ ಸಲ್ಲಿಸಬೇಕು. ದೃಢೀಕೃತ ಪ್ರತಿಗೆ ಆದೇಶ ಹೊರಬಿದ್ದ ದಿನವೇ ಅರ್ಜಿ ಹಾಕುವುದು ಲೇಸು, ಅದು ಸಿಗಲು ತಡವಾಯಿತೆಂದು ಮತ್ತೊಂದು ವಿಳಂಬದ ಕಡತ ತೆರೆಯುವುದು ಯಾರಿಗೂ ಬೇಡ. ಒಮ್ಮೆ ರಾಜಿಯಾದ ದಿನದಿಂದ 3 ವರ್ಷದೊಳಗೆ ಅದೇ ಬಗೆಯ ತಪ್ಪನ್ನು ಮತ್ತೆ ಮಾಡಿದರೆ 441ರ ಬಾಗಿಲು ತೆರೆಯುವುದಿಲ್ಲ. ಆಗ ಉಳಿಯುವುದು ವಿಶೇಷ ನ್ಯಾಯಾಲಯದ ಮೊಕದ್ದಮೆಯೊಂದೇ. ಈ ಮೂರು ವರ್ಷ ಎಣಿಕೆಯಾಗುವುದು ಹಳೆಯ ಸಭೆ ತಪ್ಪಿದ ದಿನದಿಂದಲ್ಲ, ರಾಜಿಯ ಆದೇಶದ ದಿನದಿಂದ.